ನೆಟ್ ಇಲ್ಲದ ಊರಿಗೆ ಕ್ಯೂಜಿಐಎಸ್ ಪ್ಲಗಿನ್ ಒಯ್ಯುವುದು ಹೇಗೆ?

ಉಪಗ್ರಹ ಚಿತ್ರ ನೋಡಿ ಕೆರೆಯಲ್ಲಿ ನೀರು ಎಲ್ಲಿಯವರೆಗೆ ನಿಂತಿದೆ ಎಂದು ಗುರುತಿಸುವುದನ್ನು ಕಲಿಸಲು ಕೋಲಾರ ಜಿಲ್ಲೆಯ ಒಂದು ಹಳ್ಳಿ ಶಾಲೆಗೆ ಹೋಗಿದ್ದೆ. ಆರು ಕಂಪ್ಯೂಟರ್ ಇದ್ದವು, ನೆಟ್ ಇರಲಿಲ್ಲ. ಪೆನ್‌ಡ್ರೈವ್‌ನಲ್ಲಿ ನಕ್ಷೆ ಮಾಡುವ ಉಚಿತ ತಂತ್ರಾಂಶವಾದ ಕ್ಯೂಜಿಐಎಸ್ ಜೊತೆ, ಉಪಗ್ರಹ ಚಿತ್ರ ವಿಂಗಡಿಸಲು ಅದಕ್ಕೆ ಸೇರಿಸುವ ಹೆಚ್ಚುವರಿ ತುಣುಕು, ಅಂದರೆ ಸೆಮಿ-ಆಟೊಮ್ಯಾಟಿಕ್ ಕ್ಲಾಸಿಫಿಕೇಶನ್ ಪ್ಲಗಿನ್‌ನ ಜಿಪ್ ಫೈಲನ್ನೂ ಒಯ್ದಿದ್ದೆ. ಪ್ಲಗಿನ್ ಕೆಲಸ ಮಾಡಲಿಲ್ಲ. ಅದರ 8ನೇ ಆವೃತ್ತಿಗೆ ರಿಮೋಟಿಯರ್ ಸೆನ್ಸಸ್ ಎಂಬ ಪೈಥಾನ್ ಪ್ಯಾಕೇಜ್ (ಪೈಥಾನ್ ಭಾಷೆಯಲ್ಲಿ ಬರೆದ ಸಿದ್ಧ ಕೋಡ್‌ನ ಕಟ್ಟು) ಬೇಕು, ಜಿಪ್‌ನಲ್ಲಿ ಅದು ಇರುವುದಿಲ್ಲ. ಮಕ್ಕಳು ಕಾದು ಕಾದು ಮನೆಗೆ ಹೋದರು. ಆ ಮುಖಗಳು ಇನ್ನೂ ಕಣ್ಣ ಮುಂದಿವೆ.

ಮೊದಲ ಕೆಲಸ, ಕ್ಯೂಜಿಐಎಸ್‌ನ ಪೂರ್ಣ ಇನ್‌ಸ್ಟಾಲರ್ ಇಳಿಸಿಕೊಳ್ಳುವುದು. ನೆಟ್‌ವರ್ಕ್ ಇನ್‌ಸ್ಟಾಲರ್ ಬೇಡ, ಅದು ನಡುವೆ ನೆಟ್ ಕೇಳುತ್ತದೆ. ಅದೇ ಫೈಲನ್ನು ನಿಮ್ಮ ಕಂಪ್ಯೂಟರಿಗೂ ಹಾಕಿ.

ಆಮೇಲೆ ಪ್ಲಗಿನ್‌ನ ಜಿಪ್ ಬಿಚ್ಚಿ ಮೆಟಾಡೇಟಾ ಎಂಬ ಪಠ್ಯ ಫೈಲ್ ತೆರೆಯಿರಿ. ಕನಿಷ್ಠ ಯಾವ ಕ್ಯೂಜಿಐಎಸ್ ಬೇಕು ಎಂಬುದು ಅಲ್ಲೇ ಇರುತ್ತದೆ. 'ಪ್ಲಗಿನ್ ಡಿಪೆಂಡೆನ್ಸೀಸ್' ಎಂಬ ಸಾಲಿದ್ದರೆ ಅಲ್ಲಿ ಹೆಸರಿಸಿದ ಪ್ಲಗಿನ್‌ಗಳ ಜಿಪ್‌ಗಳನ್ನೂ ತೆಗೆದುಕೊಳ್ಳಿ. ಆದರೆ ಆ ಸಾಲು ಬೇರೆ ಪ್ಲಗಿನ್‌ಗಳಿಗೆ ಮಾತ್ರ. ಪೈಥಾನ್ ಪ್ಯಾಕೇಜ್‌ಗಳ ವಿಷಯಕ್ಕೆ ಪ್ಲಗಿನ್‌ನ ಕೈಪಿಡಿಯನ್ನೇ ಓದಬೇಕು. ನಾನು ಎಡವಿದ್ದು ಇಲ್ಲೇ.

ಇನ್ನು ಮುಖ್ಯ ಭಾಗ. ನೆಟ್ ಇರುವ ನಿಮ್ಮ ಕಂಪ್ಯೂಟರಿನಲ್ಲಿ, ವಿಂಡೋಸ್‌ನ ಕ್ಯೂಜಿಐಎಸ್ ಜೊತೆ ಬರುವ ಓಎಸ್‌ಜಿಯೊ4ಡಬ್ಲ್ಯೂ ಶೆಲ್ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ತೆರೆದು, ಪೈಥಾನ್ ಪ್ಯಾಕೇಜ್ ಇಳಿಸುವ 'ಪಿಪ್ ಡೌನ್‌ಲೋಡ್' ಆದೇಶಕ್ಕೆ ಪ್ಯಾಕೇಜ್ ಹೆಸರು ಮತ್ತು ಪೆನ್‌ಡ್ರೈವ್‌ನ ಒಂದು ಫೋಲ್ಡರ್ ಕೊಡಿ. ಉದಾಹರಣೆಗೆ ಸೈಕಿಟ್-ಲರ್ನ್ ಎಂಬ ಪ್ಯಾಕೇಜ್ ಕೇಳಿದರೆ ಅದಕ್ಕೆ ಬೇಕಾದ ಜಾಬ್‌ಲಿಬ್ ಮುಂತಾದವೂ ತಾವಾಗಿಯೇ ಬಂದು ಬೀಳುತ್ತವೆ. ಫೈಲ್ ಹೆಸರುಗಳನ್ನು ಒಮ್ಮೆ ನೋಡಿ: 'ಸಿಪಿ312' ಎಂದಿದ್ದರೆ ಅದು ಪೈಥಾನ್ 3.12ಕ್ಕೆ ಮಾಡಿದ್ದು, 3.9 ಇರುವ ಕಡೆ ಹಿಡಿಸದು. ಎರಡೂ ಕಡೆ ಒಂದೇ ಇನ್‌ಸ್ಟಾಲರ್ ಎಂದು ಒತ್ತಿ ಹೇಳಿದ್ದು ಇದಕ್ಕೇ.

ಊರಿನಲ್ಲಿ ಅದೇ ಶೆಲ್ ತೆರೆದು 'ಪಿಪ್ ಇನ್‌ಸ್ಟಾಲ್' ಆದೇಶಕ್ಕೆ ಎರಡು ಸೂಚನೆ ಸೇರಿಸಿ: ನೆಟ್‌ನಲ್ಲಿ ಹುಡುಕಬೇಡ ಎನ್ನಲು 'ನೋ-ಇಂಡೆಕ್ಸ್', ಫೋಲ್ಡರ್ ತೋರಿಸಲು 'ಫೈಂಡ್-ಲಿಂಕ್ಸ್'. ಪ್ಲಗಿನ್ ಹಾಕಲು ಪ್ಲಗಿನ್ಸ್ ಮೆನುವಿನಲ್ಲಿ 'ಇನ್‌ಸ್ಟಾಲ್ ಫ್ರಮ್ ಜಿಪ್' ಇದೆ.

ಹೊರಡುವ ಮುನ್ನ, ಕ್ಯೂಜಿಐಎಸ್ ಎಂದೂ ಹಾಕದ ಬೇರೊಂದು ಕಂಪ್ಯೂಟರಿನಲ್ಲಿ ವೈಫೈ ಬಂದ್ ಮಾಡಿ ಇಷ್ಟನ್ನೂ ಮಾಡಿ ನೋಡಿ. ನಿಮ್ಮದರಲ್ಲಿ ಎಲ್ಲವೂ ಮೊದಲೇ ಇರುವುದರಿಂದ ಕೊರತೆ ಕಾಣುವುದೇ ಇಲ್ಲ. ಹಿನ್ನೆಲೆಗೆ ಹಾಕುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಕೂಡ ನೆಟ್ ಇದ್ದರಷ್ಟೇ ಮೂಡುತ್ತದೆ. ಹಾಗಾಗಿ ಕೆರೆಯ ಸೆಂಟಿನೆಲ್-2 ಉಪಗ್ರಹದ ಚಿತ್ರಗಳನ್ನು ಮೊದಲೇ ಇಳಿಸಿ ಅದೇ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.