ಕಿರ್ದಿ, ಖತಾವಣಿ ಮತ್ತು ಎಲ್ರಿಕ್ ಸಹೋದರರು

ನಮ್ಮ ತಂದೆಯವರು ನಲವತ್ತು ವರ್ಷ ಕಿರಾಣಿ ಅಂಗಡಿ ನಡೆಸಿದವರು. ಈಗ ಅವರ ಕಣ್ಣು ಮಂಜಾಗಿದೆ. ಟಿವಿಯಲ್ಲಿ ಯಾರು ಮಾತನಾಡುತ್ತಿದ್ದಾರೆ ಎಂಬುದೇ ಸರಿಯಾಗಿ ಕಾಣುವುದಿಲ್ಲ, ಇನ್ನು ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಓದುವ ಮಾತೇ ಇಲ್ಲ. ನನ್ನ ಮಗ ಜಪಾನಿನ ಅನಿಮೆ, ಅಂದರೆ ಕಾರ್ಟೂನ್ ಸರಣಿ, ‘ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್’ ನೋಡುತ್ತಿದ್ದಾಗ, "ಆ ಹುಡುಗ ಯಾಕೆ ಅಷ್ಟು ಕಿರುಚ್ತಿದ್ದಾನೆ?" ಎಂದು ಅವರು ಕೇಳಿದರು. ಅದಕ್ಕೆ ಉತ್ತರ ಹೇಳಲು ಹೊರಟ ನಾನು, ರಾತ್ರಿ ಊಟವಾದ ಮೇಲೆ ದಿನಕ್ಕೊಂದರಂತೆ, ಆ ಸರಣಿಯ 64 ಕಂತುಗಳನ್ನೂ ಅವರಿಗೆ ಕನ್ನಡದಲ್ಲಿ ಹೇಳಿ ಮುಗಿಸಿದೆ. ಅದನ್ನು ಹೇಗೆ ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಥೆಯ ಕೊನೆಯ ತನಕದ ಸಂಗತಿಗಳು ಇದರಲ್ಲಿ ಬರುತ್ತವೆ. ಸರಣಿಯನ್ನು ಇನ್ನೂ ನೋಡದವರು ಇದನ್ನು ಗಮನದಲ್ಲಿಟ್ಟುಕೊಂಡು ಓದಬೇಕು.

ಮೊದಲ ವಾರ ನಾನು ಹೇಳಿದ್ದೆಲ್ಲ ನಡೆದ ಕ್ರಮದಲ್ಲೇ ಹೇಳಿದ್ದು: ಇವನು ಬಂದ, ಇವನು ಹೊಡೆದ, ಅವಳು ಅತ್ತಳು. ಎರಡನೆಯ ವಾರಕ್ಕೆ ಹೆಸರುಗಳು ಒಂದರ ಮೇಲೊಂದು ಬಿದ್ದು ಅಪ್ಪನಿಗೆ ದಿಕ್ಕು ತಪ್ಪಿತು. ಆಗ ಅವರು ಹೇಳಿದ ಮಾತು ನನ್ನ ಕೆಲಸದ ರೀತಿಯನ್ನೇ ಬದಲಿಸಿತು: "ನೀನು ಬರೀ ಕಿರ್ದಿ ಓದ್ತಿದ್ದೀಯಮ್ಮ, ಖತಾವಣಿ ಎಲ್ಲಿ?" ಅಂಗಡಿಯಲ್ಲಿ ಕಿರ್ದಿ ಎಂದರೆ ಆಯಾ ದಿನದ ವ್ಯವಹಾರವನ್ನು ನಡೆದಂತೆ ಬರೆದಿಡುವ ಪುಸ್ತಕ; ಖತಾವಣಿಯಲ್ಲಿ ಒಬ್ಬೊಬ್ಬ ಗಿರಾಕಿಗೂ ಬೇರೆ ಬೇರೆ ಪುಟ. ಮರುದಿನವೇ ನಾನು ಇನ್ನೂರು ಪುಟದ ನೋಟ್‌ಬುಕ್ ತಂದು, ಮುಂದಿನ ಅರ್ಧದಲ್ಲಿ ಕಂತುಗಳ ಕಿರ್ದಿ, ಹಿಂದಿನ ಅರ್ಧದಲ್ಲಿ ಪಾತ್ರಗಳ ಖತಾವಣಿ ಎಂದು ಮಾಡಿ, ಪ್ರತಿ ಪಾತ್ರದ ಪುಟಕ್ಕೂ ನಡುವೆ ಗೆರೆ ಎಳೆದು ಜಮಾ ಮತ್ತು ಖರ್ಚು ಎಂದು ಬರೆದೆ.

ಈ ಕಥೆಗೆ ಅದು ಹೇಳಿ ಮಾಡಿಸಿದಂತಿತ್ತು. ಏನನ್ನಾದರೂ ಪಡೆಯಬೇಕಾದರೆ ಅದಕ್ಕೆ ಸಮನಾದದ್ದನ್ನು ತೆರಬೇಕು ಎಂಬುದೇ ಈ ಲೋಕದ ರಸವಿದ್ಯೆಯ (ಒಂದು ವಸ್ತುವನ್ನು ಇನ್ನೊಂದಾಗಿ ಮಾರ್ಪಡಿಸುವ ವಿದ್ಯೆ, ಆಲ್ಕೆಮಿ) ಮೂಲ ನಿಯಮ. ‘ಸಮಮೂಲ್ಯ ವಿನಿಮಯ’ ಎಂದು ಮೊದಲು ಅನುವಾದಿಸಿಕೊಂಡಿದ್ದೆ. ಬಾಯಲ್ಲಿ ಹೇಳುವಾಗ ಅದು ನಿಲ್ಲಲಿಲ್ಲ, ‘ಕೊಟ್ಟಷ್ಟೇ ಪಡೆ’ ಎಂದಾಗ ನಿಂತಿತು. ಕಥಾನಾಯಕರು ಎಲ್ರಿಕ್ ಸಹೋದರರು: ಅಣ್ಣ ಎಡ್ವರ್ಡ್, ತಮ್ಮ ಆಲ್ಫೋನ್ಸ್. ಎಡ್ವರ್ಡ್‌ನ ಪುಟ ಹೀಗೆ ಶುರುವಾಯಿತು: ಹನ್ನೊಂದನೆಯ ವಯಸ್ಸಿನಲ್ಲಿ, ಸತ್ತ ತಾಯಿಯನ್ನು ಬದುಕಿಸಲು ಹೋಗಿ ಎಡಗಾಲು ಖರ್ಚು, ತಮ್ಮ ಆಲ್ಫೋನ್ಸ್‌ನ ಇಡೀ ದೇಹ ಖರ್ಚು, ತಮ್ಮನ ಜೀವವನ್ನು ಒಂದು ಕಬ್ಬಿಣದ ಕವಚಕ್ಕೆ ಕಟ್ಟಿಹಾಕಲು ಬಲಗೈ ಖರ್ಚು. ಜಮಾ ಬದಿಯಲ್ಲಿ ಬರೆಯಲು ಆ ಕವಚದೊಳಗಿನ ದನಿಯೊಂದನ್ನು ಬಿಟ್ಟರೆ ಏನೂ ಇರಲಿಲ್ಲ. ಮರಳಿ ಬರುವ ದಾರಿ ಉಳಿಯಬಾರದೆಂದು ಸಹೋದರರು ತಮ್ಮ ಮನೆಯನ್ನೇ ಸುಟ್ಟರು, ಆ ದಿನಾಂಕವನ್ನು, 1911ರ ಅಕ್ಟೋಬರ್ 3 ಎಂದು, ಎಡ್ವರ್ಡ್ ತನ್ನ ಜೇಬುಗಡಿಯಾರದ ಒಳಗೆ ಕೆತ್ತಿಕೊಂಡ ಎಂದಾಗ ಅಪ್ಪ ಬಹಳ ಹೊತ್ತು ಸುಮ್ಮನಿದ್ದರು.

ಇಂಗ್ಲಿಷ್ ಸಾಲುಗಳಿಗಿಂತ ನನ್ನ ಕನ್ನಡ ಮೂಲಕ್ಕೆ ಹತ್ತಿರವಾದ ಜಾಗವೊಂದಿದೆ. ಆಲ್ಫೋನ್ಸ್ ಜಪಾನಿ ಮಾತಿನಲ್ಲಿ ಎಡ್ವರ್ಡ್‌ನನ್ನು ಕರೆಯುವುದು ‘ನೀಸಾನ್’ ಎಂದು. ಅದು ನಮ್ಮ ‘ಅಣ್ಣ’. ನಾಲ್ಕನೆಯ ಕಂತಿನಲ್ಲಿ ಟಕರ್ ಎಂಬ ರಸವಾದಿಯ ಪುಟ್ಟ ಮಗಳು ನೀನಾ ಕೂಡ ಎಡ್ವರ್ಡ್‌ನನ್ನು ಹೀಗೆಯೇ ಅಣ್ಣ ಎಂದು ಕರೆಯುತ್ತಾಳೆ. ಒಂದು ದಿನ ಟಕರ್, ಮಾತನಾಡುವ ಮೃಗವೊಂದನ್ನು ಸೃಷ್ಟಿಸಿದ್ದೇನೆಂದು ತೋರಿಸುತ್ತಾನೆ. ಆ ಮೃಗ ಹೇಳಿಕೊಟ್ಟ ಹೆಸರನ್ನು ತಡವರಿಸುತ್ತ ಎರಡು ಮೂರು ಸಲ ಒಪ್ಪಿಸುತ್ತದೆ. ಆಮೇಲೆ, ಯಾರೂ ಹೇಳಿಕೊಡದೆಯೇ, "ಅಣ್ಣಾ" ಎನ್ನುತ್ತದೆ. ನಾನು ಅಷ್ಟು ಹೇಳಿ ನಿಲ್ಲಿಸಿದೆ. "ಆ ಮಗು ಎಲ್ಲಿ?" ಎಂದು ಅಪ್ಪ ಕೇಳಿದರು. ಕಥೆಯಲ್ಲಿ ಎಡ್ವರ್ಡ್ ಟಕರ್‌ನನ್ನು ಕೇಳುವ ಪ್ರಶ್ನೆಯೂ ಅದೇ: ನೀನಾ ಎಲ್ಲಿ, ನಾಯಿ ಎಲ್ಲಿ? ಸಂಬಂಧದ ಆ ಒಂದು ಪದ ಸರಿಯಾಗಿ ಬಿದ್ದದ್ದರಿಂದ ನಾನು ಏನನ್ನೂ ವಿವರಿಸಬೇಕಾಗಲಿಲ್ಲ. ಪಾತ್ರಗಳನ್ನು ಕನ್ನಡಕ್ಕೆ ತರುವವರು ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಮೂಲದ ದನಿಯಲ್ಲಿ ಕಿವಿಗೊಟ್ಟು ಕೇಳಬೇಕೆಂದು ನಾನು ಬಲವಾಗಿ ನಂಬಿದ್ದು ಅಂದಿನಿಂದ.

ಖತಾವಣಿಯ ನಿಜವಾದ ಉಪಯೋಗ ತಿಳಿದದ್ದು ಎರಡು ಪುಟಗಳು ಒಂದನ್ನೊಂದು ಮುಟ್ಟಿದಾಗ. ಸ್ಕಾರ್ ಎಂಬುವನು ಇಶ್ವಾಲ್ ಎಂಬ ನಾಡಿನವನು, ಅವನ ಜನರನ್ನು ಸರ್ಕಾರದ ರಸವಾದಿಗಳು ಕೊಂದಿದ್ದಾರೆ, ಅವನ ಬಲಗೈ ಸಾಯುವ ಮೊದಲು ಅಣ್ಣ ಕೊಟ್ಟುಹೋದದ್ದು. ಎಡ್ವರ್ಡ್‌ನ ಕೃತಕ ಕೈಕಾಲುಗಳನ್ನು ಮಾಡಿಕೊಡುವ ವಿನ್ರಿಯ ತಂದೆತಾಯಿ ವೈದ್ಯರು; ಯುದ್ಧಭೂಮಿಯಲ್ಲಿ ಸ್ಕಾರ್‌ನ ಜೀವ ಉಳಿಸಿದವರೂ ಅವರೇ, ಎಚ್ಚರಗೊಂಡ ಅವನ ಉನ್ಮಾದಕ್ಕೆ ಬಲಿಯಾದವರೂ ಅವರೇ. ಇದು ಗೊತ್ತಾದಾಗ ವಿನ್ರಿ ಪಿಸ್ತೂಲು ಎತ್ತುತ್ತಾಳೆ, ಗುಂಡು ಹಾರಿಸಲಾರದೆ ಹೋಗುತ್ತಾಳೆ. ಮುಂದೆ ಉತ್ತರದ ಹಿಮದ ನಾಡಿನಲ್ಲಿ ಅವನ ಗಾಯಕ್ಕೆ ತಾನೇ ಪಟ್ಟಿ ಕಟ್ಟುತ್ತಾಳೆ, ಆದರೆ ಅವನು ಮಾಡಿದ ಅನ್ಯಾಯವನ್ನು ಕ್ಷಮಿಸಿದ್ದೇನೆಂದು ಹೇಳುವುದಿಲ್ಲ. "ಇದನ್ನು ಎಲ್ಲಿ ಬರೆಯಲಿ ಅಪ್ಪ?" ಎಂದೆ. "ಹಳೇ ಬಾಕಿ ಹಾಗೇ ಇರಲಿ. ಬಾಕಿ ಇದ್ದರೂ ಹಸಿದು ಬಂದವನಿಗೆ ಅಕ್ಕಿ ಅಳೆದು ಕೊಡ್ತಿರಲಿಲ್ವೇನು? ಅದನ್ನು ಬೇರೆ ಸಾಲಲ್ಲಿ ಬರಿ," ಎಂದರು. ವಿನ್ರಿಯ ಪಾತ್ರದ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ನಾನು ಎಲ್ಲಿಯೂ ಓದಿಲ್ಲ.

ನಡುವೆ ನನ್ನಿಂದ ಒಂದು ದೊಡ್ಡ ತಪ್ಪೂ ಆಯಿತು. ಹಿರೋಮು ಅರಕಾವಾ ಅವರ ಮೂಲ ಮಾಂಗಾ (ಜಪಾನಿ ಚಿತ್ರಕಥೆ) 2001ರಿಂದ 2010ರವರೆಗೆ ಮಾಸಿಕವೊಂದರಲ್ಲಿ ಬಂದದ್ದು. ಅದು ಇನ್ನೂ ನಡೆಯುತ್ತಿರುವಾಗಲೇ, 2003ರಲ್ಲಿ, 51 ಕಂತುಗಳ ಮೊದಲ ಅನಿಮೆ ಶುರುವಾಗಿ, ತನ್ನದೇ ದಾರಿ ಹಿಡಿದು ಬೇರೆ ಮುಕ್ತಾಯಕ್ಕೆ ಹೋಯಿತು. ಇದನ್ನು ಅರಿಯದೆ ನಾನು ಅಂತರ್ಜಾಲದಲ್ಲಿ ಸಿಕ್ಕ ಪಾತ್ರವಿವರಗಳನ್ನು ಖತಾವಣಿಗೆ ಹತ್ತಿಸಿಬಿಟ್ಟಿದ್ದೆ. ಏಳು ಪಾಪಗಳ ಹೆಸರು ಹೊತ್ತ, ರಸವಿದ್ಯೆಯಿಂದ ಹುಟ್ಟಿದ ಕೃತಕ ಮನುಷ್ಯರಾದ ಹೋಮಂಕ್ಯುಲಸ್‌ಗಳಲ್ಲಿ, ಸೇನಾಡಳಿತದ ಮುಖ್ಯಸ್ಥ ಬ್ರಾಡ್ಲಿ ಮೊದಲ ಸರಣಿಯಲ್ಲಿ ‘ಗರ್ವ’, ನಾವು ನೋಡುತ್ತಿದ್ದ ಎರಡನೆಯದರಲ್ಲಿ ‘ಕ್ರೋಧ’. ಆರು ಪುಟ ಹರಿದು ಮತ್ತೆ ಬರೆದೆ. ಅಂದಿನಿಂದ, ಕಿರ್ದಿಯಲ್ಲಿ ಇಲ್ಲದ್ದನ್ನು ಖತಾವಣಿಗೆ ಏರಿಸಲಿಲ್ಲ.

ಕಿರ್ದಿಯ ಪ್ರತಿ ಸಾಲಿನ ಮುಂದೆ ಊರಿನ ಹೆಸರನ್ನೂ ಬರೆಯುತ್ತಿದ್ದೆ. ದೇಶದಲ್ಲಿ ರಕ್ತ ಹರಿದ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ ಜೋಡಿಸಿದರೆ ದೇಶದಷ್ಟೇ ದೊಡ್ಡ ರಸವಿದ್ಯೆಯ ವೃತ್ತವಾಗುತ್ತದೆ ಎಂಬುದು ಹೊರಬಿದ್ದ ರಾತ್ರಿ, ಅಪ್ಪ, ಮಗ, ನಾನು ಮೂವರೂ ಹಿಂದಿನ ಸಾಲುಗಳನ್ನು ಮೊದಲಿನಿಂದ ಓದಿದೆವು. ಬಿಡಿ ಬಿಡಿಯಾಗಿ ಕಂಡಿದ್ದ ಗಲಭೆಗಳೆಲ್ಲ ಒಂದೇ ಕೈಯ ಕೆಲಸವಾಗಿದ್ದವು.

ಕೊನೆಯ ಹೋರಾಟದಲ್ಲಿ ಆಲ್ಫೋನ್ಸ್ ತನ್ನ ಜೀವವನ್ನು ಪಣಕ್ಕಿಟ್ಟು ಅಣ್ಣನಿಗೆ ಬಲಗೈಯನ್ನು ಮರಳಿಸುತ್ತಾನೆ. ಎಡ್ವರ್ಡ್ ತನ್ನ ರಸವಿದ್ಯೆಯನ್ನೇ ಶಾಶ್ವತವಾಗಿ ಬಿಟ್ಟುಕೊಟ್ಟು ತಮ್ಮನನ್ನು ದೇಹಸಮೇತ ಕರೆತರುತ್ತಾನೆ. ಎರಡನ್ನೂ ಜಮಾ ಬದಿಗೆ ಬರೆದು, ಮುಗಿಯಿತೆಂದು ಪುಸ್ತಕ ಮುಚ್ಚಲು ಹೋದೆ.

"ಎಡಗಾಲು?" ಎಂದರು ಅಪ್ಪ.

ಅದು ಬರಲಿಲ್ಲ, ಕಬ್ಬಿಣದ ಕಾಲೇ ಉಳಿಯಿತು ಎಂದೆ. ಆ ಸಾಲಿನ ಎದುರು ಬಾಕಿ ಎಂದು ಬರೆಯಲೇ ಎಂದು ಕೇಳಿದ್ದಕ್ಕೆ ಅವರು ಸ್ವಲ್ಪ ಯೋಚಿಸಿ, ಬೇಡವೆಂದು ತಲೆಯಾಡಿಸಿದರು. ಆ ಜಾಗ ಇಂದಿಗೂ ಖಾಲಿಯಾಗಿಯೇ ಇದೆ.