ಕುಂಡದ ಮೇಲೆಯೇ ಗಿಡದ ವೈಜ್ಞಾನಿಕ ಹೆಸರು ಬರೆದಿಡಿ

ಮನೆಯ ಪ್ರತಿಯೊಂದು ಗಿಡದ ವೈಜ್ಞಾನಿಕ ಹೆಸರನ್ನು ಅಳಿಸಿಹೋಗದ ಶಾಯಿಯಲ್ಲಿ ಕುಂಡದ ಮೇಲೆಯೇ ಬರೆದು, ಆ ಹೆಸರು ಮತ್ತು ಎಲೆ, ಹೂವುಗಳು ಒಟ್ಟಿಗೆ ಕಾಣುವಂತೆ ಫೋಟೋ ತೆಗೆದು ಮನೆಯವರೆಲ್ಲರ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಮಗುವೋ ಬೆಕ್ಕೋ ಎಲೆ ಕಚ್ಚಿದಾಗ ಚಿಕಿತ್ಸೆ ನಿರ್ಧಾರವಾಗುವುದು ಅದು ಯಾವ ಗಿಡ ಎಂಬುದರ ಮೇಲೆ, ಮತ್ತು ಅಂಗಡಿಯವರು ಹೇಳಿದ ಹೆಸರು ಆಗ ಸಾಲದು: ಪೀಸ್ ಲಿಲ್ಲಿ ಎಂದು ಮಾರುವ ಸ್ಪ್ಯಾಥಿಫಿಲಮ್‌ನಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಬಾಯಿ, ಗಂಟಲಿನಲ್ಲಿ ಉರಿ ಮತ್ತು ಊತವನ್ನು ತರುತ್ತವೆ, ಲಿಲಿಯಮ್ ಕುಲದ ನಿಜವಾದ ಲಿಲ್ಲಿಯಾದರೋ, ಮೈಗೆ ಅಂಟಿದ ಪರಾಗವನ್ನು ನೆಕ್ಕಿಕೊಂಡರೂ ಬೆಕ್ಕಿನ ಮೂತ್ರಪಿಂಡಗಳು ವಿಫಲವಾಗಬಹುದಾದ್ದರಿಂದ ಲಕ್ಷಣಗಳಿಗಾಗಿ ಕಾಯುವಂತಿಲ್ಲ. ಹೆಸರುಗಳನ್ನು ಪತ್ತೆಹಚ್ಚುವಾಗ ಕಣಗಿಲೆ, ಸೈಕಸ್‌ನಂತಹ ಕಡುವಿಷದ ಗಿಡಗಳು ಸಿಕ್ಕರೆ ಅವನ್ನು ಎತ್ತರದಲ್ಲಿಡುವುದಕ್ಕಿಂತ ಮನೆಯಿಂದಲೇ ತೆಗೆಯುವುದು ಲೇಸು. ಬೆಕ್ಕಿಗೆ ಎತ್ತರ ಅಡ್ಡಿಯಲ್ಲ, ಉದುರಿದ ಎಲೆ ಹೇಗೂ ನೆಲಕ್ಕೇ ಬರುತ್ತದೆ. ಉಡುಗೊರೆಯಾಗಿ ಬಂದ ಹೂಗುಚ್ಛ, ಕುಂಡದಲ್ಲಿ ತಾನಾಗಿ ಎದ್ದ ಕಳೆ ಅಥವಾ ಅಣಬೆ, ಹೊರಗಿನಿಂದ ಮಗು ಹೆಕ್ಕಿ ತಂದ ಗುಲಗಂಜಿ, ಹರಳು ಬೀಜ ಇವುಗಳಿಗೆ ಈ ಉಪಾಯ ನೆರವಾಗದು. ಅಂತಹ ಸಂದರ್ಭದಲ್ಲಿ ಉಳಿದ ತುಣುಕನ್ನು, ಸಾಧ್ಯವಾದರೆ ಇಡೀ ಟೊಂಗೆಯನ್ನೇ, ಕಾಗದದಲ್ಲಿ ಸುತ್ತಿ ವೈದ್ಯರ ಬಳಿಗೆ ಒಯ್ಯಬೇಕು. ಗಿಡ ಗುರುತಿಸುವ ಆ್ಯಪ್‌ನ ಉತ್ತರವೊಂದನ್ನೇ ನೆಚ್ಚಿಕೊಂಡು, ಅಗಿದದ್ದು ವಿಷವಲ್ಲವೆಂದು ತೀರ್ಮಾನಿಸಬೇಡಿ. ಬಾಯಲ್ಲಿ ಉಳಿದದ್ದನ್ನು ತೆಗೆಯಿರಿ, ಆದರೆ ವೈದ್ಯರು ಹೇಳದೆ ವಾಂತಿ ಮಾಡಿಸಬೇಡಿ. ಉಸಿರಾಟಕ್ಕೆ ತೊಂದರೆಯಾಗಿದ್ದರೆ ಅಥವಾ ಪ್ರಜ್ಞೆ ಮಂಕಾಗಿದ್ದರೆ ಹೆಸರು ಹುಡುಕುತ್ತ ನಿಲ್ಲದೆ ತಕ್ಷಣ ಆಸ್ಪತ್ರೆಗೆ ಹೊರಡಿ.