ಪಬ್ಬಿನ ಲೀಸು ಮುಗಿದರೂ ಬೀಗದ ಕೈ ಕೊಡಲಿಲ್ಲ

ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆದಿಕ್‌ನಲ್ಲಿ ನಮ್ಮದೊಂದು ಬಾಡಿಗೆ ಪಬ್ಬು. ಮುಂದೆ ಬಿಯರು, ಹಿಂದೆ ಕೋಳಿ ಸುಕ್ಕ. ಲೀಸು ಮುಗಿಯಲು ಏಳು ತಿಂಗಳಿದ್ದಾಗ ಮಾಲೀಕರಿಂದ ಸೆಕ್ಷನ್ 25ರ ನೋಟಿಸು, ಅಂದರೆ ಲೀಸು ಮುಗಿಸುವ ಕಾನೂನು ನೋಟಿಸು ಬಂತು. ಕಟ್ಟಡ ಒಡೆದು ಫ್ಲಾಟ್ ಕಟ್ಟುತ್ತೇವೆ, ಹೊಸ ಲೀಸು ಕೊಡುವುದಿಲ್ಲ ಅಂತ.

ಹಿಂದೆ ತಾವೂ ಪಬ್ಬು ನಡೆಸಿದ್ದ ಹಳೇ ಗಿರಾಕಿಯೊಬ್ಬರು "ಬಾಡಿಗೆದಾರರನ್ನು ಕಾಯುವ ಕಾಯ್ದೆ ಪಬ್ಬಿಗೆ ಇಲ್ಲಪ್ಪ" ಎಂದರು. ಊರಿಗೆ ಫೋನ್ ಮಾಡಿದರೆ ಅಣ್ಣನೂ "11 ತಿಂಗಳ ಕರಾರು ಮುಗಿದರೆ ಎದ್ದು ಹೋಗೋದೇ ಅಲ್ವಾ?" ಎಂದ. ನಾನೂ ಪಾತ್ರೆ ಎಣಿಸಲು ಶುರು ಮಾಡಿದ್ದೆ.

ಗಿರಾಕಿ ಹೇಳಿದ್ದು ಅವರ ಕಾಲಕ್ಕೆ ಸರಿಯೇ. 1954ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆ ಅಂಗಡಿ, ಆಫೀಸುಗಳ ಬಾಡಿಗೆದಾರರಿಗೆ ಲೀಸು ಮುಗಿದ ಮೇಲೂ ಉಳಿದು ಹೊಸ ಲೀಸು ಕೇಳುವ ರಕ್ಷಣೆ ಕೊಟ್ಟಿತ್ತು, ಪಬ್ಬುಗಳನ್ನು ಹೊರಗಿಟ್ಟಿತ್ತು. ಪಬ್ಬುಗಳನ್ನು ಹೊರಗಿಡುವ ಆ ನಿಯಮವನ್ನು 1990ರ ಇನ್ನೊಂದು ಕಾಯ್ದೆ ತೆಗೆದುಹಾಕಿತು. 1989ರ ಜುಲೈ 11ರಿಂದ ಕೊಟ್ಟ ಲೀಸುಗಳಿಗೆ ರಕ್ಷಣೆ ಸಿಕ್ಕಿತು. ಅದಕ್ಕಿಂತ ಹಳೆಯವಕ್ಕೆ 1992ರ ಅದೇ ದಿನದಿಂದ.

ಆ ರಾತ್ರಿ ಪಬ್ಬು ಮುಚ್ಚಿದ ಮೇಲೆ ಲೀಸನ್ನು ಬಾರಿನ ಮೇಲೆ ಹರಡಿಕೊಂಡು ಒಂದೇ ಮಾತು ಹುಡುಕಿದೆ: "24ರಿಂದ 28ರವರೆಗಿನ ಸೆಕ್ಷನ್‌ಗಳು ಅನ್ವಯಿಸುವುದಿಲ್ಲ." ಅದಿದ್ದರೆ ಆ ರಕ್ಷಣೆ ಬಿಟ್ಟುಕೊಟ್ಟಂತೆ, ಆಟ ಮುಗಿಯಿತು. ಎರಡು ಸಲ ಓದಿದೆ. ಇರಲಿಲ್ಲ.

ಎಡವಿದ್ದು ಇಲ್ಲಿ. ನೋಟಿಸಿನಲ್ಲಿ ಒಂದು ತಾರೀಕು ಇರುತ್ತದೆ, ಅದರೊಳಗೆ ಹೊಸ ಲೀಸಿಗಾಗಿ ಕೋರ್ಟಿಗೆ ಅರ್ಜಿ ಹಾಕಲೇಬೇಕು. ಮಾಲೀಕರ ಏಜೆಂಟು ಫೋನಿನಲ್ಲಿ "ಅವಸರವೇನಿಲ್ಲ, ಮಾತಾಡೋಣ" ಎನ್ನುತ್ತಿದ್ದರು. ನಾನು ನಂಬಿ ಕೂತೆ. ಗಡುವು ಮುಂದೂಡಲು ಇಬ್ಬರೂ ಒಪ್ಪಬಹುದು, ಆದರೆ ಬರಹದಲ್ಲಿ, ಗಡುವು ಮುಗಿಯುವ ಮೊದಲು. ಮೂರು ವಾರ ಉಳಿದಾಗ ವಕೀಲರು ಬೈದು ಅರ್ಜಿ ಹಾಕಿಸಿದರು. ಅರ್ಜಿ ಬಿದ್ದಿದ್ದರಿಂದ ಲೀಸಿನ ಅವಧಿ ಮುಗಿದರೂ ಬಾಡಿಗೆ ಕಟ್ಟುತ್ತಾ ಅಲ್ಲೇ ಇದ್ದೆ.

ಮಾಲೀಕರು ಒಡೆಯುತ್ತೇವೆ ಎಂದರೆ ಸಾಲದು, ವಿಚಾರಣೆಯ ದಿನಕ್ಕೆ ಆ ಉದ್ದೇಶ ಗಟ್ಟಿಯಾಗಿರಬೇಕು. ಬಾಡಿಗೆದಾರ ತಾನಾಗಿ ಹೋದರೂ ಆ ಕೆಲಸ ಮಾಡುತ್ತಿದ್ದರೇ ಎಂದು ಕೇಳಬೇಕು ಅಂತ 2018ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಮಾಲೀಕರು ಫ್ಲಾಟಿನ ಅನುಮತಿಗೆ ಅರ್ಜಿಯನ್ನೇ ಹಾಕಿರಲಿಲ್ಲ. ಕೊನೆಗೆ ವಿರೋಧ ಬಿಟ್ಟರು.

ಆಮೇಲೆ ಬಾಡಿಗೆಯ ಜಗ್ಗಾಟ. ಅಡುಗೆಮನೆ ಚೆನ್ನಾಗಿದೆ, ಮದ್ಯದ ಲೈಸೆನ್ಸ್ ಇದೆ, ಆದ್ದರಿಂದ ಜಾಸ್ತಿ ಕೊಡಿ ಎಂದರು. ಕೇಳಿ ನಗು ಬಂತು. ಲೈಸೆನ್ಸಿನ ಲಾಭ ಬಾಡಿಗೆದಾರನದ್ದಾದರೆ, ಅದರಿಂದ ಏರಿದ ಬೆಲೆಯನ್ನು ಬಾಡಿಗೆಗೆ ಸೇರಿಸುವಂತಿಲ್ಲ, ಸೆಕ್ಷನ್ 34ರಲ್ಲೇ ಇದೆ. ಲೀಸಿನ ಪ್ರಕಾರ ಮಾಡಿಸಲೇಬೇಕು ಅಂತ ಇಲ್ಲದೆ, ನಾನಾಗಿ ಮಾಡಿಸಿದ ಕೆಲಸಕ್ಕೂ ಹಾಗೇ. ಹೊಗೆ ಕೊಳವೆಯ ರಸೀದಿ ಎಣ್ಣೆ ಜಿಡ್ಡು ಹಿಡಿದು ಮಸಾಲೆ ಡಬ್ಬಿಯ ಕೆಳಗಿತ್ತು. ಅದನ್ನೇ ತೋರಿಸಿದೆ.

10 ವರ್ಷದ ಹೊಸ ಲೀಸಿನ ಕರಡು ಬಂತು. ಹಿಂದೆ ಇನ್ನೊಂದು ಹಾಳೆ ಪಿನ್ ಮಾಡಿದ್ದರು. 24ರಿಂದ 28ರವರೆಗಿನ ರಕ್ಷಣೆ ಬಿಟ್ಟುಕೊಡುತ್ತೀರಿ ಎನ್ನುವ ಎಚ್ಚರಿಕೆ ನೋಟಿಸು. ಪಿನ್ ಬಿಡಿಸಿ ಅದನ್ನು ಹಾಗೇ ವಾಪಸ್ ಕಳಿಸಿದೆ.